ಐವತ್ತು ವರ್ಷದ ಐರನ್ ಮೇಡನ್: ಅಭಿಮಾನ ಹೋಗಿಲ್ಲ, ಆದರೆ ಮುಂದಿನ ಟಿಕೆಟಿಗೆ ಕೈ ಏಳುತ್ತಿಲ್ಲ

ರಾಜಾಜಿನಗರದ ಎಡ್ಡಿ ಕೇಳಿದ್ದು:

ನಮಸ್ಕಾರ. ನಾನು 2025ರ ಜೂನ್ 28ರಂದು ಲಂಡನ್ ಸ್ಟೇಡಿಯಂನಲ್ಲಿ ಐರನ್ ಮೇಡನ್ ಎಂಬ ಬ್ರಿಟಿಷ್ ಹೆವಿ ಮೆಟಲ್ ತಂಡದ ಕಾರ್ಯಕ್ರಮವನ್ನು ನೋಡಿ ಬಂದೆ. ಆ ರಾತ್ರಿಯಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಕಸಿವಿಸಿಯನ್ನು ಮನೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಇಲ್ಲಿನ ಸಹೋದ್ಯೋಗಿಗಳಿಗೆ ಹೇಳಿದರೆ ನಗುತ್ತಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಹಿನ್ನೆಲೆ. ಪಿಯುಸಿ ಓದುತ್ತಿದ್ದಾಗ ಸ್ನೇಹಿತನೊಬ್ಬ ಕೊಟ್ಟ 'ಪವರ್‌ಸ್ಲೇವ್' ಕ್ಯಾಸೆಟ್ಟಿನಿಂದ ನನಗೆ ಈ ಹುಚ್ಚು ಹತ್ತಿತು. ಹೊದಿಕೆಯ ಮೇಲೆ ಈಜಿಪ್ಟಿನ ಫೇರೋನಂತೆ ಕುಳಿತ, ತಂಡದ ಲಾಂಛನವಾದ ಎಡ್ಡಿಯ ಚಿತ್ರ. ಒಳಗೆ ಇರುವೆಗಾತ್ರದ ಅಕ್ಷರಗಳಲ್ಲಿ ಸಾಹಿತ್ಯ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಆ ಹಾಳೆಯನ್ನೂ ನಿಘಂಟನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಬಿ ಕಡೆಯ ಕೊನೆಯಲ್ಲಿ, ಇಂಗ್ಲಿಷ್ ಕವಿ ಕೋಲ್‌ರಿಜ್ ಬರೆದ ಮುದುಕ ನಾವಿಕನ ಕವನವನ್ನು ಆಧರಿಸಿದ ಹದಿಮೂರು ನಿಮಿಷಕ್ಕೂ ಮೀರಿದ ಹಾಡಿದೆ. ಅದರ ನಡುವೆ ವಾದ್ಯಗಳೆಲ್ಲ ಅಡಗಿ, ಗಾಳಿಯಿಲ್ಲದ ಕಡಲಿನಲ್ಲಿ ನಿಂತ ಹಡಗಿನ ಹಲಗೆಗಳು ಕಿರುಗುಟ್ಟುವ ಸದ್ದು ಮಾತ್ರ ಕೇಳಿಸುವ ಭಾಗವೊಂದು ಬರುತ್ತದೆ. ಸಾವಿರ ಸಲ ಓಡಿಸಿ ರಿಬ್ಬನ್ ಸವೆದು, ಆ ಭಾಗದಲ್ಲಿ ಕಿರುಗುಟ್ಟುತ್ತಿರುವುದು ಹಡಗೋ ನಮ್ಮ ಮನೆಯ ಟೇಪ್ ರೆಕಾರ್ಡರೋ ಎಂಬುದು ಕೊನೆಕೊನೆಗೆ ಗೊತ್ತಾಗುತ್ತಿರಲಿಲ್ಲ.

2007ರ ಮಾರ್ಚ್ 17ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ನಮ್ಮ ಪೀಳಿಗೆಯವರಿಗೆ ಆ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಧ್ಯಾಹ್ನ ಎರಡು ಗಂಟೆಗೇ ಬಿಸಿಲಿನಲ್ಲಿ ಸಾಲು ನಿಂತು, ಮೊದಲು ದೆಹಲಿಯ ಪರಿಕ್ರಮ ತಂಡವನ್ನೂ ಮೇಡನ್ ಸ್ಥಾಪಕ, ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಅವರನ್ನೂ ಕೇಳಿ, ಕತ್ತಲಾದ ಮೇಲೆ ಮೇಡನ್ ವೇದಿಕೆಗೆ ಬಂದಾಗ ಪಕ್ಕದಲ್ಲಿದ್ದ ಅಪರಿಚಿತನನ್ನು ತಬ್ಬಿಕೊಂಡು ಅತ್ತವನು ನಾನು. ಆದರೆ ಅವರು ಆರಂಭಿಸಿದ್ದು 2006ರ ಹೊಸ ಆಲ್ಬಮ್ಮಿನ ಹಾಡಿನಿಂದ. ಅದಾದ ಮೇಲೂ ಹೊಸದೇ ಬಂದಾಗ ನಮ್ಮ ಗುಂಪಿನಲ್ಲಿ ಗೊಣಗಾಟ ಶುರುವಾಯಿತು. ಅದಕ್ಕೂ ಹಿಂದಿನ ವರ್ಷ ಯುರೋಪು ಮತ್ತು ಅಮೆರಿಕಗಳಲ್ಲಿ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ನುಡಿಸಿದ್ದರೆಂದು ಓದಿದ್ದೆವು. ನಮಗೆ ಅಷ್ಟನ್ನೇ ಹೇರಲಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡೆವು.

2009ರ ಫೆಬ್ರುವರಿಯಲ್ಲಿ ಅದೇ ಮೈದಾನಕ್ಕೆ ಮತ್ತೆ ಬಂದಾಗ ನನಗೆ ರಜೆ ಸಿಗಲಿಲ್ಲ. ಆ ಸಲ ಮುದುಕ ನಾವಿಕನ ಹಾಡನ್ನು ನುಡಿಸಿದರೆಂದು ಸ್ನೇಹಿತರು ಫೋನ್ ಮಾಡಿ ಹೇಳಿದಾಗ ಎಷ್ಟು ಸಂಕಟವಾಯಿತೆಂದರೆ, ಆ ವರ್ಷವಿಡೀ ಆ ಕ್ಯಾಸೆಟ್ಟನ್ನು ನಾನು ಮುಟ್ಟಲಿಲ್ಲ.

ಈಗ ಲಂಡನ್ನಿಗೆ ಬರುತ್ತೇನೆ. ತಂಡದ ಐವತ್ತನೆಯ ವರ್ಷದ ಈ ಪ್ರವಾಸದಲ್ಲಿ 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮ್ಮುಗಳ ಹಾಡುಗಳನ್ನಷ್ಟೇ ನುಡಿಸುವುದಾಗಿ ಮೊದಲೇ ತಿಳಿಸಿದ್ದರು. ಹದಿನಾರು ವರ್ಷಗಳ ನಂತರ ಮುದುಕ ನಾವಿಕನೂ ಪಟ್ಟಿಗೆ ಮರಳಿದ್ದ. ಸ್ಟೇಡಿಯಂ ಇರುವುದು ಸ್ಟ್ರಾಟ್‌ಫರ್ಡ್‌ನಲ್ಲಿ. 1975ರ ಕ್ರಿಸ್‌ಮಸ್ ದಿನ ಹ್ಯಾರಿಸ್ ಈ ತಂಡವನ್ನು ಕಟ್ಟಿದ ಲೇಟನ್ ಅಲ್ಲಿಂದ ಸೆಂಟ್ರಲ್ ಲೈನಿನಲ್ಲಿ ಒಂದೇ ನಿಲ್ದಾಣ ದೂರ. ಹುಡುಗನಾಗಿದ್ದಾಗ ಅವರು ಫುಟ್‌ಬಾಲ್ ಆಡಲು ಹೋಗುತ್ತಿದ್ದ ವೆಸ್ಟ್ ಹ್ಯಾಮ್ ಕ್ಲಬ್ಬಿನ ಈಗಿನ ಮನೆಯೂ ಇದೇ ಮೈದಾನ. ಮನೆಯ ಹಿತ್ತಿಲಿನಲ್ಲೇ ಜಾತ್ರೆ ನಡೆದಂತೆ ಎನ್ನಿ. ಇದಕ್ಕಿಂತ ಒಳ್ಳೆಯ ಸಂದರ್ಭ ಬೇಡಿದರೂ ಸಿಗುವುದಿಲ್ಲ.

ಅವರು ಚೆನ್ನಾಗಿ ನುಡಿಸಲಿಲ್ಲವೆಂದು ನಾನು ಹೇಳಲಾರೆ. ನಾಲಿಗೆಯ ಬುಡದ ಕ್ಯಾನ್ಸರಿಗೆ 2015ರಲ್ಲಿ ಚಿಕಿತ್ಸೆ ಪಡೆದು ಬಂದ ಗಾಯಕ ಬ್ರೂಸ್ ಡಿಕಿನ್ಸನ್ 66ನೆಯ ವಯಸ್ಸಿನಲ್ಲಿ ಆ ವಿಸ್ತಾರವಾದ ವೇದಿಕೆಯುದ್ದಕ್ಕೂ ಓಡಾಡುತ್ತ ಹಾಡಿದ ರೀತಿಗೆ ಕೈಮುಗಿಯಬೇಕು. ಕೆಲವೆಡೆ ಎತ್ತರದ ಸ್ವರವನ್ನು ತಲುಪುವ ಮೊದಲು ಉಸಿರು ಕೂಡಿಸಿಕೊಂಡದ್ದು ಕಾಣಿಸಿತು, ಅಷ್ಟೇ. ನನಗೆ ಚುಚ್ಚಿದ್ದು ಬೇರೆ. ಪ್ರತಿ ಹಾಡಿಗೂ ಬದಲಾಗುತ್ತಿದ್ದ, ಬಣ್ಣದಲ್ಲಿ ಬರೆದ ಆ ಹಿನ್ನೆಲೆಯ ಪರದೆಗಳ ಜಾಗದಲ್ಲಿ ದೈತ್ಯಾಕಾರದ ಎಲ್‌ಇಡಿ ಪರದೆ ಬಂದಿದೆ. ಡ್ರಮ್ಮಿನ ಹಿಂದೆ ನಿಕೊ ಮೆಕ್‌ಬ್ರೇನ್ ಇಲ್ಲ. ನಿಕೊ ಇದ್ದಾಗಲೂ ಆ ಡ್ರಮ್ಮುಗಳ ಕೋಟೆಯ ಹಿಂದೆ ಅವರ ಮುಖ ಕಾಣಿಸುತ್ತಿದ್ದುದು ಅಪರೂಪ. ಆದರೂ ಇಲ್ಲದಿರುವುದು ಎದ್ದು ಕಾಣುತ್ತಿತ್ತು. ನಾನು ಅಷ್ಟು ವರ್ಷ ಕಾದಿದ್ದ ಹಡಗಿನ ಕಿರುಗುಟ್ಟುವಿಕೆ ಬಂದಾಗ ಪರದೆಯ ಮೇಲೆ ಹಡಗೂ ಬಂತು, ಕಡಲೂ ಬಂತು. ಎಲ್ಲವೂ ಸರಿಯಾಗಿತ್ತು, ನನ್ನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಫೋನುಗಳನ್ನು ಜೇಬಿನಲ್ಲೇ ಇಟ್ಟುಕೊಳ್ಳಿ ಎಂದು ತಂಡದವರು ಮೊದಲೇ ಕೇಳಿಕೊಂಡಿದ್ದರಿಂದ ನಾನೂ ತೆಗೆಯಲಿಲ್ಲ; ಹಾಗಾಗಿ ಆ ಕ್ಷಣವನ್ನು ಮತ್ತೊಮ್ಮೆ ನೋಡಿ ನನ್ನ ತಪ್ಪೋ ಅವರ ತಪ್ಪೋ ಎಂದು ಪರೀಕ್ಷಿಸುವ ದಾರಿಯೂ ಇಲ್ಲ. ಇನ್ನೊಂದನ್ನು ಒಪ್ಪಿಕೊಳ್ಳಬೇಕು: ಈ ಸಲ ನಾನು ಕುರ್ಚಿಯ ಟಿಕೆಟ್ ಕೊಂಡಿದ್ದೆ, ಮಂಡಿನೋವಿನ ಕಾರಣಕ್ಕೆ.

ಪ್ರವಾಸ 2026ರಲ್ಲೂ ಮುಂದುವರಿಯುತ್ತದೆ. ಸ್ನೇಹಿತರು ಮತ್ತೆ ಹೋಗೋಣ ಎನ್ನುತ್ತಿದ್ದಾರೆ, ಆದರೆ ನನ್ನ ಕೈ ಏಳುತ್ತಿಲ್ಲ. ಹೋಗದಿದ್ದರೆ ಕೃತಘ್ನನಾಗುತ್ತೇನೆಯೇ, ಹೋದರೆ ನನ್ನ ಹದಿನೇಳನೆಯ ವಯಸ್ಸಿನ ಶ್ರಾದ್ಧಕ್ಕೆ ಹೋದಂತಾಗುತ್ತದೆಯೇ? ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ಬರೆಯಿರಿ.

ಒಂಟಿ ಪೆಡಲ್ ಉತ್ತರಿಸಿದ್ದು:

ನಾನು ಇಪ್ಪತ್ತು ವರ್ಷಗಳಿಂದ ಡ್ರಮ್ಸ್ ನುಡಿಸುವವನು, ಮೈಸೂರಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಆದ್ದರಿಂದ ನಿಕೊ ಅವರ ವಿಷಯಕ್ಕಷ್ಟೇ ಉತ್ತರಿಸುತ್ತೇನೆ, ಏಕೆಂದರೆ ಅವರು ಇಲ್ಲದಿರುವುದನ್ನು ನೀವು ಒಂದು ಕೊರತೆಯಾಗಿ ಬರೆದಿದ್ದೀರಿ. ನಾನು ಅದನ್ನು ಈ ತಂಡ ಮಾಡಿದ ಅತ್ಯಂತ ಮರ್ಯಾದೆಯ ಕೆಲಸವೆಂದು ಭಾವಿಸಿದ್ದೇನೆ.

ಮೇಡನ್ ಸಂಗೀತದ ಜೀವವೆಂದರೆ ಎಲ್ಲರೂ ಕುದುರೆಯ ಓಟ ಎನ್ನುವ ಆ ಲಯ. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಇದನ್ನು ಸುಲಭವಾಗಿ ಹೇಳಬಹುದು: ಒಂದು ಗುರು, ಎರಡು ಲಘು, ಅಂದರೆ ಭಗಣ. ಹ್ಯಾರಿಸ್ ಬಾಸಿನ ತಂತಿಯ ಮೇಲೆ ಬೆರಳುಗಳಿಂದಲೇ ಭಗಣದ ಮೇಲೆ ಭಗಣ ಸುರಿಯುತ್ತ ಹೋಗುವಾಗ ಡ್ರಮ್ಮರನ ಬಲಗಾಲು ಅದನ್ನು ಬೆನ್ನಟ್ಟಬೇಕು. ಬಹುತೇಕ ಮೆಟಲ್ ಡ್ರಮ್ಮರುಗಳು ಇಂತಹ ವೇಗಕ್ಕೆ ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಡಿಯುವ ಪೆಡಲ್ಲುಗಳನ್ನು ಎರಡು ಇಟ್ಟುಕೊಂಡು ಎರಡೂ ಕಾಲುಗಳಿಗೆ ಕೆಲಸ ಹಂಚುತ್ತಾರೆ. ನಿಕೊ ನಲವತ್ತು ವರ್ಷ ಅದನ್ನು ಒಂದೇ ಕಾಲಿನಲ್ಲಿ ನಡೆಸಿದರು. ನನಗೆ ತಿಳಿದಂತೆ 2003ರ ಆಲ್ಬಮ್ಮಿನ ಒಂದು ಹಾಡಿಗೆ ಮಾತ್ರ ಅವರು ಎರಡು ಪೆಡಲ್ ಬಳಸಿದ್ದಾರೆ. 1983ರ ಆಲ್ಬಮ್ಮಿನ ಮೊದಲ ಹಾಡಿನ ಆರಂಭವನ್ನು ನನ್ನ ವಿದ್ಯಾರ್ಥಿಗಳಿಗೆ ಕೇಳಿಸಿ, ಇಲ್ಲಿ ಎಷ್ಟು ಕಾಲುಗಳಿವೆ ಹೇಳಿ ಎಂದರೆ, ಎರಡು ಎಂದು ಹೇಳದವರು ಇಲ್ಲವೇ ಇಲ್ಲ ಎನ್ನಬಹುದು.

2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿದು ಬಲಗಡೆ ಸ್ವಾಧೀನ ತಪ್ಪಿತು. ಬಲಗೈ ಎಂದರೆ ಸಿಂಬಲ್ಲಿನ ಮೇಲೆ ಹಾಡಿನ ಉದ್ದಕ್ಕೂ ಓಡುವ ಕೈ. ಹೀಗಿರುವಾಗ ಅವರು ಆ ಮೇ ತಿಂಗಳಲ್ಲೇ ಪ್ರವಾಸಕ್ಕೆ ಹೊರಟರು, ಪಾರ್ಶ್ವವಾಯುವಾಗಿದ್ದ ಸಂಗತಿ ಹೊರಗೆ ತಿಳಿದದ್ದು ಆಗಸ್ಟಿನಲ್ಲಿ. ಆ ಪ್ರವಾಸದ ತುಣುಕುಗಳನ್ನು ನೋಡುವಾಗ, ವೇಗದ ಉರುಳಿಕೆಗಳು ಬರಬೇಕಾದಲ್ಲಿ ಅವರು ಸರಳವಾದದ್ದನ್ನು ಇಟ್ಟು ಮುಂದೆ ಹೋಗುವುದು ನನಗೆ ಸ್ಪಷ್ಟವಾಗಿ ಕಾಣಿಸುತ್ತದೆ. ಎರಡು ವರ್ಷ ಹಾಗೆಯೇ ನಡೆಸಿ, 2024ರ ಡಿಸೆಂಬರ್ 7ರಂದು ಬ್ರೆಜಿಲಿನ ಸಾವೊ ಪಾವ್ಲೊ ನಗರದಲ್ಲಿ ಕೊನೆಯ ಬಾರಿ ನುಡಿಸಿ, ಆಗ 72 ವರ್ಷದವರಾಗಿದ್ದ ಅವರು ಪ್ರವಾಸಗಳಿಂದ ನಿವೃತ್ತರಾದರು. ಹಿಂದಿನಿಂದ ಧ್ವನಿಮುದ್ರಣ ಹಾಕಿಕೊಂಡು, ಮುಂದೆ ಅವರನ್ನು ಕೂರಿಸಿ, ಎಲ್ಲವೂ ಸರಿಯಿದೆಯೆಂದು ತೋರಿಸುವ ದಾರಿಯೂ ಇತ್ತು. ಆ ದಾರಿ ಹಿಡಿದವರು ಈ ಕ್ಷೇತ್ರದಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಅವರ ಜಾಗಕ್ಕೆ ಬಂದ ಸೈಮನ್ ಡಾಸನ್ ಹ್ಯಾರಿಸ್ ಅವರದೇ ಇನ್ನೊಂದು ತಂಡವಾದ ಬ್ರಿಟಿಷ್ ಲಯನ್‌ನಲ್ಲಿ ನುಡಿಸುತ್ತಿದ್ದವರು. ಅವರು ಹಳೆಯ ಹಾಡುಗಳನ್ನು ವೇದಿಕೆಯ ಭರದಲ್ಲಿ ಓಡಿಸದೆ ಮುದ್ರಿಕೆಯ ವೇಗದ ಹತ್ತಿರ ಇಟ್ಟಿದ್ದಾರೆಂದು ನನ್ನ ಕಿವಿಗೆ ಅನ್ನಿಸಿತು. ಅದರಿಂದ ಡಿಕಿನ್ಸನ್ ಅವರಿಗೆ ಉಸಿರಾಡಲು ಸ್ಥಳ ಸಿಕ್ಕಿದೆ. ನಿಮಗೆ ಕಣ್ಣೀರು ಬರಲಿಲ್ಲವೆನ್ನುವುದಕ್ಕೆ ಕಾರಣ ಹುಡುಕಿ, ತಪ್ಪೇನಿಲ್ಲ. ಆದರೆ ಅದನ್ನು ಡ್ರಮ್ಮಿನ ಹಿಂದೆ ಹುಡುಕಬೇಡಿ.

ಎರಡನೇ ಗೇರ್ ಉತ್ತರಿಸಿದ್ದು:

ನಾನು ಸ್ವಲ್ಪ ಕಟುವಾಗಿ ಬರೆಯುತ್ತೇನೆ, ಎಡ್ಡಿ ಅವರು ಬೇಸರಿಸಬಾರದು. ನಿಕೊ ಇಲ್ಲದ್ದು ಮೇಡನ್ ಅಲ್ಲ ಎನ್ನುವುದಾದರೆ, ಅದೇ ನಿಕೊ 1982ರ ಕೊನೆಯಲ್ಲಿ ಕ್ಲೈವ್ ಬರ್ ಅವರ ಜಾಗಕ್ಕೆ ಬಂದವರು. ಡಿಕಿನ್ಸನ್ 1981ರಲ್ಲಿ ಪಾಲ್ ಡಿಯಾನೊ ಅವರ ಜಾಗಕ್ಕೆ ಬಂದವರು. ಎಲ್ಲ ಹದಿನೇಳು ಆಲ್ಬಮ್ಮುಗಳಲ್ಲೂ ಇರುವವರು ಹ್ಯಾರಿಸ್ ಮತ್ತು ಗಿಟಾರ್ ವಾದಕ ಡೇವ್ ಮರ್ರೆ ಇಬ್ಬರೇ. ನಾವು ಯಾವ ವರ್ಷ ಕೇಳಲು ಶುರು ಮಾಡಿದೆವೋ ಆ ವರ್ಷದ ತಂಡವೇ ಮೂಲ ತಂಡ ಎನ್ನುವುದು ನಮ್ಮೆಲ್ಲರ ಕಾಯಿಲೆ.

ನನ್ನ ತಕರಾರು ಧ್ವನಿಮುದ್ರಿಕೆಗಳ ಬಗ್ಗೆ. 1980ರಿಂದ 1988ರೊಳಗೆ ಏಳು ಆಲ್ಬಮ್ಮುಗಳನ್ನು ಕೊಟ್ಟವರು 2015ರ ನಂತರದ ಒಂದಕ್ಕಾಗಿ ನಮ್ಮನ್ನು ಆರು ವರ್ಷ ಕಾಯಿಸಿದರು. ಕಾಯಿಸಿದರೂ ಚಿಂತೆಯಿಲ್ಲ, ಆದರೆ 2015ರದ್ದು 92 ನಿಮಿಷ, 2021ರದ್ದು 80 ನಿಮಿಷಕ್ಕೂ ಹೆಚ್ಚು, ಅದರ ಕೊನೆಯ ಮೂರು ಹಾಡುಗಳು ಒಂದೊಂದೂ ಹತ್ತು ನಿಮಿಷ ದಾಟುತ್ತವೆ, ಮೂರನ್ನೂ ಹ್ಯಾರಿಸ್ ಒಬ್ಬರೇ ಬರೆದಿದ್ದಾರೆ. ಪ್ರತಿ ಹಾಡಿಗೂ ಮೆಲುವಾದ ಪೀಠಿಕೆ, ನಡುವೆ ಓಟ, ಕೊನೆಗೆ ಮತ್ತೆ ಅದೇ ಪೀಠಿಕೆ. ಮನೆಯ ಯಜಮಾನರು ಊಟಕ್ಕೆ ಕುಳಿತು ಹಳೆಯ ಕತೆ ತೆಗೆದಾಗ ಯಾರೂ ಎದ್ದು ಹೋಗುವಂತಿಲ್ಲದ ಸ್ಥಿತಿ ನೆನಪಾಗುತ್ತದೆ. ಕತ್ತರಿ ಹಿಡಿದು ಪಕ್ಕದಲ್ಲಿ ಕೂರುವವರು ಅವರಿಗೆ ಬೇಕಾಗಿದ್ದಾರೆ. ಆ ದೃಷ್ಟಿಯಿಂದ ಬರೀ ಹಳೆಯ ಹಾಡುಗಳ ಈ ಪ್ರವಾಸ ನನಗೆ ಸಂತೋಷವನ್ನೇ ಕೊಟ್ಟಿದೆ. ನಿಮಗೆ ಟಿಕೆಟ್ ಬೇಡವಾದರೆ ನನಗೆ ತಿಳಿಸಿ, ವೀಸಾ ಸಿಕ್ಕರೆ ಬಂದುಬಿಡುತ್ತೇನೆ.

ವಿಲಂಬಿತ್ ಉತ್ತರಿಸಿದ್ದು:

ಎರಡನೇ ಗೇರ್ ಅವರ ಮಾತನ್ನು ನಾನು ಪೂರ್ತಿ ತಿರುಗಿಸಿ ಹೇಳಬೇಕೆಂದಿದ್ದೇನೆ. ನಾನು ಧಾರವಾಡದವಳು. ಚಿಕ್ಕಂದಿನಿಂದ ಹಿಂದೂಸ್ತಾನಿ ಕಲಿತವಳು. ಮೆಟಲ್ ಕೇಳಲು ಆರಂಭಿಸಿದ್ದು ಹಾಸ್ಟೆಲಿನಲ್ಲಿ, ಗೆಳತಿಯ ಕಾಟಕ್ಕೆ.

ನಮ್ಮ ಊರಿನವರಿಗೆ ಮುದಿ ವಯಸ್ಸಿನ ಗಾಯನ ಹೊಸದಲ್ಲ. ಮಲ್ಲಿಕಾರ್ಜುನ ಮನಸೂರರು ತಮ್ಮ ಕೊನೆಯ ವರ್ಷಗಳವರೆಗೂ ಹಾಡಿದರು. ಗಂಗೂಬಾಯಿ ಹಾನಗಲ್ಲರು 2006ರಲ್ಲಿ, 93ರ ವಯಸ್ಸಿನಲ್ಲಿ ವೇದಿಕೆ ಏರಿದರು. ಅಂತಹ ಹಿರಿಯರು ಹಾಡಲು ಕುಳಿತಾಗ, ಹಿಂದಿನಷ್ಟು ವೇಗದ ತಾನ್ ಬರಲಿಲ್ಲವೆಂದು ಸಭೆಯಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಆದರೆ ಈ ಹೋಲಿಕೆಯನ್ನು ಹಾಗೇ ಎತ್ತಿ ಮೇಡನ್ ತಂಡಕ್ಕೆ ತೊಡಿಸಿದರೆ ಅದು ಹೊಂದುವುದಿಲ್ಲ. ಹಿಂದೂಸ್ತಾನಿಯ ಖಯಾಲ್ ಪ್ರಕಾರದಲ್ಲಿ ಹಾಡುವವರು ಆ ಸಂಜೆಯ ತಮ್ಮ ಗಂಟಲನ್ನು ನೋಡಿಕೊಂಡು ರಾಗವನ್ನು ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು, ಯಾವ ಲಯದಲ್ಲಿ ಬೆಳೆಸಬೇಕೆಂದು ಅಲ್ಲೇ ನಿರ್ಧರಿಸುತ್ತಾರೆ. ತಾರ ಷಡ್ಜಕ್ಕೆ ಹೋಗದೆಯೂ ಅರ್ಧ ಗಂಟೆ ಮಂದ್ರದಲ್ಲಿ ಕಟ್ಟಿ ನಿಲ್ಲಿಸಬಹುದು. ಮೇಡನ್ ತಂಡಕ್ಕೆ ಆ ಸ್ವಾತಂತ್ರ್ಯವಿಲ್ಲ: 1982ರ ಹಾಡಿನಲ್ಲಿ ಇಪ್ಪತ್ತಮೂರರ ಹುಡುಗ ಡಿಕಿನ್ಸನ್ ಕಿರುಚಿದ ಜಾಗ ಅಲ್ಲೇ ಇದೆ, ಅದೇ ಅಳತೆಯಲ್ಲಿ ಇದೆ. ಅರವತ್ತಾರರ ಗಂಡಸು ಪ್ರತಿ ರಾತ್ರಿ ಹೋಗಿ ಆ ಹುಡುಗನ ಮುಂದೆ ನಿಲ್ಲಬೇಕು. ಕೇಳುವವರ ಕೈಯಲ್ಲಿ ಹಳೆಯ ಮುದ್ರಿಕೆಯಿದೆ, ಅವರು ಹೋಲಿಸದೆ ಬಿಡುವುದಿಲ್ಲ.

ಹಾಗಾದರೆ ಇವರಿಗೆ ಒಪ್ಪುವ ವಿಲಂಬಿತ, ಅಂದರೆ ಅವಸರವಿಲ್ಲದ ನಿಧಾನ ಲಯದ ಹಾಡು, ಯಾವುದು? ಕತ್ತರಿ ಬೇಕೆಂದಿರಲ್ಲ, ಅದೇ ಹತ್ತು ಹನ್ನೆರಡು ನಿಮಿಷದ ಹಾಡುಗಳು! 2021ರ ಆಲ್ಬಮ್ಮಿನ ಕೊನೆಯ ಹಾಡನ್ನು ಕತ್ತಲಲ್ಲಿ ಒಮ್ಮೆ ಕೇಳಿ. ಬಾಸ್ ಮತ್ತು ಗಿಟಾರು ಎರಡು ನಿಮಿಷಕ್ಕೂ ಮೀರಿ ಸುಮ್ಮನೆ ಒಂದೇ ಭಾವದ ಸುತ್ತ ಓಡಾಡುತ್ತವೆ, ಯಾರಿಗೂ ಅವಸರವಿಲ್ಲ. ಬಹುಪಾಲು ಮಧ್ಯಮ ಎತ್ತರದಲ್ಲೇ ಇರುವ ಡಿಕಿನ್ಸನ್ ಅವರ ದನಿಗೆ ಈಗ ಒಂದು ಒರಟುತನ ಬಂದಿದೆ, ಆ ಹಾಡಿಗೆ ಅದೇ ಬೇಕು. ಅದನ್ನು ಇಪ್ಪತ್ತಮೂರರ ಹುಡುಗ ಹಾಡಿದ್ದರೆ ನಾನು ನಂಬುತ್ತಿರಲಿಲ್ಲ. 2023ರ ಪ್ರವಾಸದಲ್ಲಿ ಆ ಹಾಡನ್ನು ಕೊನೆಯ ಭಾಗದಲ್ಲಿ, ಜನ ಮತ್ತೆ ಬನ್ನಿ ಎಂದು ಕೂಗಿದ ಮೇಲೆ ನುಡಿಸುತ್ತಿದ್ದರು. ಸಾಮಾನ್ಯವಾಗಿ ಹಳೆಯ ಹಾಡುಗಳಿಗೆ ಮೀಸಲಾದ ಜಾಗ ಅದು. ಈಗ 1992ರ ಗೆರೆ ಎಳೆದು ಅದನ್ನೆಲ್ಲ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಎಡ್ಡಿ ಅವರೇ, ನಿಮಗೆ ಒಂದು ಪ್ರಶ್ನೆ. 2007ರಲ್ಲಿ ನಿಮ್ಮ ಎದುರಿಗೆ ಇದ್ದದ್ದು ತನ್ನ ವಯಸ್ಸಿನ ಹಾಡುಗಳನ್ನೇ ಹಾಡುತ್ತೇನೆಂದು ಹಟ ಹಿಡಿದ ಐವತ್ತರ ಆಸುಪಾಸಿನ ತಂಡ, ಆಗ ನೀವು ಗೊಣಗಿದಿರಿ. 2025ರಲ್ಲಿ ನೀವು ಆಗ ಬಯಸಿದ್ದನ್ನೇ ತಟ್ಟೆಯಲ್ಲಿಟ್ಟು ಕೊಟ್ಟರು, ಕಣ್ಣು ಒದ್ದೆಯಾಗಲಿಲ್ಲ. ತಂಡ ಮುಪ್ಪಾಗಿದೆ ಎನ್ನುವುದು ನಿಮ್ಮ ದೂರೋ, ಅಥವಾ ಮುಪ್ಪಾಗಿಲ್ಲವೆಂದು ನಿಮ್ಮನ್ನು ಒಲಿಸಲು ಹೊರಟಿದೆ ಎನ್ನುವುದೋ?

ಎರಡನೇ ಗೇರ್ ಉತ್ತರಿಸಿದ್ದು:

ವಿಲಂಬಿತ್ ಅವರೇ, ನಿಮ್ಮ ಮಾತಿಗೆ ಕಟ್ಟುಬಿದ್ದು ಆ ಕೊನೆಯ ಹಾಡನ್ನು ಕೇಳಿದೆ. ಚೆನ್ನಾಗಿದೆ, ಒಪ್ಪಿದೆ. ಉಳಿದ ಎರಡಕ್ಕೆ ಕತ್ತರಿ ಬೇಕೆಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ರಾಜಾಜಿನಗರದ ಎಡ್ಡಿ ಉತ್ತರಿಸಿದ್ದು:

ಮೂವರಿಗೂ ವಂದನೆಗಳು. ಒಂಟಿ ಪೆಡಲ್ ಅವರೇ, ನೀವು ಬರೆದದ್ದನ್ನು ಓದಿ ಸಾವೊ ಪಾವ್ಲೊ ಕಾರ್ಯಕ್ರಮದ ಕೊನೆಯ ತುಣುಕುಗಳನ್ನು ಹುಡುಕಿ ನೋಡಿದೆ. ಭಗಣದ ಮಾತನ್ನು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಹೇಳಬೇಕೆನಿಸಿತು.

ವಿಲಂಬಿತ್ ಅವರ ಪ್ರಶ್ನೆಗೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ, ಏಕೆಂದರೆ ಮೊದಲ ಬಾರಿ ಬರೆಯುವಾಗ ನಾನು ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದೆ. ಅರಮನೆ ಮೈದಾನದಲ್ಲಿ ನಾನು ಗೊಣಗಿದ್ದಷ್ಟೇ ಅಲ್ಲ. ದೇವರ ಹೆಸರಿನಲ್ಲಿ ನಡೆಯುವ ಯುದ್ಧಗಳ ಬಗ್ಗೆ ಒಂಬತ್ತು ನಿಮಿಷಕ್ಕೂ ಉದ್ದವಾದ ಹಾಡೊಂದು ಆ ಹೊಸ ಆಲ್ಬಮ್ಮಿನಲ್ಲಿತ್ತು. ಅದರ ನಿಧಾನವಾದ ಆರಂಭ ಕೇಳಿದ ಕೂಡಲೇ, ಇದು ಸದ್ಯಕ್ಕೆ ಮುಗಿಯುವುದಿಲ್ಲವೆಂದು ಲೆಕ್ಕ ಹಾಕಿ, ಆರು ಗಂಟೆಗಳಿಂದ ಕಾಪಾಡಿಕೊಂಡಿದ್ದ ಜಾಗವನ್ನು ಸ್ನೇಹಿತನಿಗೆ ವಹಿಸಿ ನೀರು ಕೊಳ್ಳಲು ಹೋದೆ. ನೀರಿನವನ ಮುಂದೆ ನನ್ನಂತೆಯೇ ಲೆಕ್ಕ ಹಾಕಿದವರ ದೊಡ್ಡ ಸಾಲಿತ್ತು. ಎರಡು ಬಾಟಲಿ ಹಿಡಿದು ವಾಪಸು ಬರುವಾಗ ಹಾಡಿನ ಕೊನೆಯ ಸಾಲುಗಳು ಬೆನ್ನ ಹಿಂದಿನ ಮರಗಳಿಗೆ ತಾಗಿ ಮತ್ತೆ ಕೇಳಿಸುತ್ತಿದ್ದವು. ನಾನು ಅದರ ಕಡೆ ಗಮನ ಕೊಡದೆ, ಮುಂದಿನದು ಹಳೆಯದಾಗಿದ್ದರೆ ತಪ್ಪಿಹೋದೀತೆಂದು ಜನರನ್ನು ತಳ್ಳಿಕೊಂಡು ಓಡುತ್ತಿದ್ದೆ.

ನಿನ್ನೆ ಕೆಲಸದಿಂದ ಮನೆಗೆ ಬರುವ ರೈಲಿನಲ್ಲಿ ಆ ಹಾಡನ್ನು ಹಾಕಿದೆ. ಹದಿನೆಂಟು ವರ್ಷಗಳಲ್ಲಿ ಅದನ್ನು ಪೂರ್ತಿ ಕೇಳಿದ್ದು ಇದೇ ಮೊದಲು ಎಂದರೆ ನನ್ನನ್ನು ಅಭಿಮಾನಿಯೆಂದು ಕರೆಯಬೇಕೋ ಬೇಡವೋ ನೀವೇ ಹೇಳಿ. ಡಿಕಿನ್ಸನ್ ಅವರಿಗೆ ಆಗ 48, ನನಗೆ ಈಗ 43. ಏಳನೆಯ ನಿಮಿಷದ ಹೊತ್ತಿಗೆ ನನ್ನ ನಿಲ್ದಾಣ ಬಂತು. ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ಉಳಿದದ್ದನ್ನು ಕೇಳಿ ಮುಗಿಸಿ ಮನೆಗೆ ಹೋದೆ.

ಎರಡನೇ ಗೇರ್ ಅವರೇ, ಟಿಕೆಟ್ ನಿಮಗೆ ಬಿಟ್ಟುಕೊಡುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ನಿಮ್ಮ ವೀಸಾ ಆದರೆ ತಿಳಿಸಿ, ಇಬ್ಬರಿಗೂ ಒಟ್ಟಿಗೆ ನೋಡೋಣ. ಈ ಸಲ ನಿಲ್ಲುವ ಟಿಕೆಟ್ ಸಿಕ್ಕರೆ ಅದನ್ನೇ ಕೊಳ್ಳುತ್ತೇನೆ. ಮಂಡಿಗೆ ಕಟ್ಟುವ ಪಟ್ಟಿ ಮನೆಯಲ್ಲಿ ಒಂದಿದೆ, ಇನ್ನೊಂದು ತರಬೇಕು.